ಕಣ್ಣು ಮುಚ್ಚಿ ಓದುವ ಯಾದಿ

ನಾನು ಬದುಕಿನ ಬಹುಪಾಲು ಯಾದಿ ಮಾಡಿದವಳು. ಪುಸ್ತಕದ ಕನ್ನಡದಲ್ಲಿ ಪಟ್ಟಿ ಎನ್ನಿ; ಗಡಿಯಾಚೆಯ ನಮ್ಮ ಗಡಹಿಂಗ್ಲಜದ ಕಡೆ ಅದು ಯಾದಿಯೇ. ಮೊದಲು ಕಂಪ್ಯೂಟರಿನ ತೆರೆಯ ಮೇಲೆ, ಆಮೇಲೆ ಮೊಬೈಲಿನ ಮೇಲೆ, ಹೆಸರುಗಳು ಒಂದರ ಕೆಳಗೊಂದು ಹೇಗೆ ನಿಲ್ಲಬೇಕು, ಯಾವುದು ಮೇಲೆ ಯಾವುದು ಕೆಳಗೆ, ಬೆರಳು ಎಲ್ಲಿ ಇಟ್ಟರೆ ಏನು ತೆರೆಯಬೇಕು, ಇದನ್ನೆಲ್ಲ ಗೊತ್ತುಮಾಡುವುದೇ ನನ್ನ ಕೆಲಸವಾಗಿತ್ತು. ಈ ಕೆಲಸ ಹಿಡಿದ ಹೊಸತರಲ್ಲಿ ಅತ್ತೆಗೆ ಇದನ್ನು ವಿವರಿಸಿ ಹೇಳಿದ್ದೆ. ಅವರು ಕೈಗೆ ಹತ್ತಿದ ಜೋಳದ ಹಿಟ್ಟು ಕೊಡವಿಕೊಂಡು, "ಕಿರಾಣಿ ಯಾದಿ ಬರ್ಯಾಕ ಕೊಲ್ಲಾಪುರ ತನಕ ಯಾಕ ಹೋಗ್ತಿ ಗಿರಿಜಾ? ಇಲ್ಲೇ ಕುಂತ ಬರಿ" ಎಂದಿದ್ದರು. ನಾನು ನಕ್ಕು ಬಸ್ಸು ಹತ್ತಿದ್ದೆ.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನು ಮಾಡುತ್ತಾರೆ. "ಮೇಡಂ, ಲಿಸ್ಟ್ ಈಗ ರೆಡಿಮೇಡ್ ಸಿಗತೈತಿ. ಅದರಾಗ ಡಿಸೈನ್ ಮಾಡೂದು ಏನೈತ್ರಿ?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಸುದ್ದಿ ಇದರಲ್ಲಿಲ್ಲ. ನನಗೆ ಸಿಕ್ಕದ್ದು ಮೂರು ಬಡ್ತಿ, ಮೂರರಲ್ಲೂ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಇದರಲ್ಲಿ ಇರುವುದು ನನ್ನ ತಪ್ಪುಗಳು. ಅವುಗಳಲ್ಲೂ ಮುಖ್ಯವಾಗಿ ಒಂದು ತಪ್ಪು: ಕಣ್ಣು ಕಾಣದ ಒಬ್ಬ ಹೆಣ್ಣುಮಗಳ ಕುರ್ಚಿಯನ್ನು ಅದು ಕಸಿದುಕೊಳ್ಳುವುದರಲ್ಲಿತ್ತು. ಆ ಕುರ್ಚಿ ಉಳಿಯಿತು. ಹೇಗೆ ಉಳಿಯಿತೆಂದು ಹೇಳುವಾಗ ನನಗೆ ಇಂದಿಗೂ ಹೆಮ್ಮೆಯಾಗುತ್ತದೆ. ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ನನ್ನ ಕೈ ಪಳಗಿದ್ದು ಇಚಲಕರಂಜಿಯ ಒಂದು ಛಾಪಖಾನೆಯಲ್ಲಿ. ಲಗ್ನಪತ್ರಿಕೆ, ಶಾಲೆಯ ಹಾಜರಿ ಪುಸ್ತಕ, ಜವಳಿ ಅಂಗಡಿಯ ಕ್ಯಾಲೆಂಡರ್, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೆ. ಲಗ್ನಪತ್ರಿಕೆಯ ಕೆಳಗೆ ಬರುವ ಸೋದರಮಾವಂದಿರ ಹೆಸರುಗಳಲ್ಲಿ ಒಂದು ಮೇಲೆ ಕೆಳಗೆ ಆದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಒಂದು ಸಲ ಕುರುಂದವಾಡದ ಒಬ್ಬ ಸಿಟ್ಟಿನ ಮಾವ ಐನೂರು ಪತ್ರಿಕೆಗಳ ಗಂಟನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದ್ದ. ಹೆಸರುಗಳ ಸಾಲೆಂದರೆ ಬರೀ ಸಾಲಲ್ಲ ಎಂಬ ಮೊದಲ ಪಾಠ ನನಗೆ ಆ ಗಂಟಿನಿಂದ ಆಯಿತು.

ಅಲ್ಲಿಂದ ಕೊಲ್ಲಾಪುರಕ್ಕೆ ಬಂದೆ. ಶಾಹೂಪುರಿಯ ಒಂದು ಮಾಳಿಗೆಯ ಮೇಲೆ ಶಿಂದೆ ಸರ್ ಅವರ ಸಾಫ್ಟ್‌ವೇರ್ ಆಫೀಸು. ಕೆಳಗೆ ಚಪ್ಪಲಿ ಅಂಗಡಿ, ಮೆಟ್ಟಿಲು ಹತ್ತಿದರೆ ಹೊಸ ಚರ್ಮದ ವಾಸನೆ. ಶಿಂದೆ ಸರ್ ಮರಾಠಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ಅದನ್ನೂ ಅಳೆದು ಮಾತಾಡುತ್ತಿದ್ದರು. ಕೆಲಸ ಚೆನ್ನಾಗಿದ್ದರೆ "ಬರ", ಅಂದರೆ ಒಳ್ಳೇದು, ಎನ್ನುತ್ತಿದ್ದರು. ಚೆನ್ನಾಗಿಲ್ಲದಿದ್ದರೆ ಏನೂ ಅನ್ನದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ "ಬರ"ಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು. ಕಿಟಕಿಯ ಹೊರಗಿನ ಗುಲ್‌ಮೊಹರ್ ಗಿಡ ಮಾತ್ರ ನನ್ನ ದೆಸೆಯಿಂದ ಅವರಿಗೆ ಬಾಯಿಪಾಠವಾಗಿತ್ತು.

ಮೊಬೈಲುಗಳು ಬಂದ ಮೇಲೆ ಇಚಲಕರಂಜಿಯ ಒಂದು ಪವರ್‌ಲೂಮ್ ಕಾರ್ಖಾನೆಯ ಕೆಲಸ ಸಿಕ್ಕಿತು. ನೂಲು ಹರಿದು ಮಗ್ಗ ನಿಂತರೆ ಅದರ ನಂಬರು ಜಾಬರನ ಮೊಬೈಲಿಗೆ ಬರಬೇಕು. ಜಾಬರ್ ಎಂದರೆ ಮಗ್ಗಗಳ ರಿಪೇರಿ ನೋಡುವವನು. ನಾನು ನಿಂತ ಮಗ್ಗಗಳ ನಂಬರುಗಳನ್ನು ಒಂದರಿಂದ ಶುರುಮಾಡಿ ಚೊಕ್ಕವಾಗಿ ಜೋಡಿಸಿ ಕೊಟ್ಟೆ. ಆಫೀಸಿನಲ್ಲಿ ಎಲ್ಲರಿಗೂ ಮೆಚ್ಚಿಗೆಯಾಯಿತು. ಹದಿನೈದು ದಿನ ಬಿಟ್ಟು ನೋಡಲು ಹೋದರೆ ಜಾಬರ್ ಕಲ್ಲಪ್ಪ ಮೊಬೈಲನ್ನು ಜೇಬಿನಲ್ಲಿಟ್ಟು, ಕಿವಿಗೊಟ್ಟು ಕೇಳುತ್ತ, ಮಗ್ಗ ಎಲ್ಲಿ ನಿಂತಿದೆ ಎಂದು ಮೊದಲಿನ ಹಾಗೇ ಹುಡುಕುತ್ತಿದ್ದ. ಆ ಖಡಖಡ ಸದ್ದಿನಲ್ಲಿ ನಿಂತ ಒಂದು ಮಗ್ಗ ಅವನಿಗೆ ಹೇಗೆ ಕೇಳಿಸುತ್ತಿತ್ತೋ ದೇವರೇ ಬಲ್ಲ.

"ಯಾದಿ ಯಾಕ ನೋಡವಲ್ರಿ ಕಲ್ಲಪ್ಪಣ್ಣ?" ಎಂದು ಅವನ ಕಿವಿಯ ಹತ್ತಿರ ಕೂಗಿದೆ.

ಅವನು ನನ್ನನ್ನು ಬಾಗಿಲಾಚೆ ಕರೆದೊಯ್ದು ಹೇಳಿದ. "ಬಾಯಾರ, ನೀವು ಕುಂತ ಬರ್ದೀರಿ. ನಾ ನಡಕೋತ ಓದ್ತೀನಿ. ಹನ್ನೆರಡು ಆದ ಮ್ಯಾಲ ಹದಿಮೂರು ನಿಮ್ಮ ಯಾದ್ಯಾಗ. ನನ್ನ ಕಾಲಿಗೆ ಹನ್ನೆರಡು ಆದ ಮ್ಯಾಲ ಇಪ್ಪತ್ನಾಕು. ಈ ಗಲ್ಲಿ ಹಿಡದ ಹ್ವಾದ್ರ ಆ ಗಲ್ಲಿ ಹಿಡದ ಹೊಳ್ಳಿ ಬರಬೇಕಲ್ರಿ."

ಒಂದು ಪೂರ್ತಿ ಪಾಳಿ ನಾನು ಅವನ ಹಿಂದೆ ನಡೆದೆ. ಕಾಲು ಬಾತುಕೊಂಡವು. ಮರುದಿನ ಯಾದಿಯನ್ನು ಅವನ ಕಾಲಿನ ಕ್ರಮಕ್ಕೆ ತಿರುಗಿಸಿದೆ, ಸಾಲುಗಳನ್ನು ಎಣ್ಣೆ ಮೆತ್ತಿದ ಹೆಬ್ಬೆರಳು ಹಿಡಿಸುವಷ್ಟು ದಪ್ಪ ಮಾಡಿದೆ. ಆಮೇಲೆ ಕಲ್ಲಪ್ಪನ ಜೇಬಿನಿಂದ ಮೊಬೈಲು ಹೊರಗೆ ಬಂತು.

ಇನ್ನೊಂದು ಸಲ ಕುರಿಗಳ ಲಸಿಕೆಯ ಯಾದಿ ಮಾಡಿದೆ. ಆ ದಿನಗಳಲ್ಲಿ ಬಿಳಿಯ ಮೇಲೆ ತೆಳು ಬೂದಿ ಬಣ್ಣದ ಅಕ್ಷರ ಬಳಸುವುದು ಫ್ಯಾಶನ್. ನಾನೂ ಬಳಸಿದೆ, ಕೊಲ್ಲಾಪುರದ ಆಫೀಸಿನ ನೆರಳಿನಲ್ಲಿ ಅದು ಬಹಳ ನಾಜೂಕಾಗಿ ಕಾಣುತ್ತಿತ್ತು. ಕೋವಾಡದ ಹತ್ತಿರ ಬಯಲಿನಲ್ಲಿ ಕುರಿ ನಿಲ್ಲಿಸಿದ್ದ ಬೀರಪ್ಪನೆಂಬ ಹಿರಿಯನ ಕೈಗೆ ಅದನ್ನು ಕೊಟ್ಟೆ. ನೆತ್ತಿಯ ಮೇಲೆ ಸೂರ್ಯ. ಬೀರಪ್ಪ ಮೊಬೈಲನ್ನು ಅತ್ತ ತಿರುವಿ ಇತ್ತ ತಿರುವಿ ನೋಡಿದ, ಕೊನೆಗೆ ಹೆಗಲ ಕಂಬಳಿಯನ್ನು ತಲೆಯ ಮೇಲೆ ಪೂರ್ತಿ ಹೊದ್ದುಕೊಂಡು ಅದರೊಳಗೆ ಕುಳಿತು ಓದತೊಡಗಿದ. ಒಳಗಿನಿಂದಲೇ, "ಛಲೋ ಐತ್ರಿ ಬಾಯಾರ, ಬರೇ ಕಂಬಳಿ ಬೇಕಾಗತೈತಿ" ಎಂದ. ಅವನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಕಾಗಲ ದಾಟುವವರೆಗೂ ಬಸ್ಸಿನಲ್ಲಿ ಮುಖ ಬಿಸಿಯಾಗೇ ಇತ್ತು. ಅಂದಿನಿಂದ ನನ್ನ ಯಾದಿಗಳ ಅಕ್ಷರ ಕಡುಗಪ್ಪು.

ಇಷ್ಟೆಲ್ಲ ಕಲಿತ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅದೇ ಹೊತ್ತಿಗೆ ಗಡಹಿಂಗ್ಲಜದ ಒಂದು ಆಸ್ಪತ್ರೆಯ ಕೆಲಸ ಬಂತು. ನನ್ನ ಗಂಡನ ಮನೆ ಅಲ್ಲಿಂದ ಹತ್ತಿರದ ನೂಲ ಎಂಬ ಊರಲ್ಲಿ. ವಾರವೆಲ್ಲ ಕೊಲ್ಲಾಪುರದಲ್ಲಿ ಬಾಡಿಗೆ ಕೋಣೆ, ಶನಿವಾರ ಎಸ್‌ಟಿ ಬಸ್ಸು ಹಿಡಿದು ನೂಲ, ಹೀಗೆ ನಮ್ಮ ಸಂಸಾರ ನಡೆದಿತ್ತು. ನಮ್ಮೂರ ಮಂದಿ ಹೋಗುವ ಆಸ್ಪತ್ರೆ ಎಂದು ನಾನು ಹುರುಪಿನಿಂದ ಮಾಡಿದೆ. ಒಳರೋಗಿಗಳ ಯಾದಿ. ಒಬ್ಬೊಬ್ಬರದೂ ದುಂಡಗಿನ ಫೋಟೋ, ಪಕ್ಕದಲ್ಲಿ ಹೆಸರು, ಊರು, ಬೆಡ್ಡಿನ ನಂಬರು. ಹೊಸಬರು ದಾಖಲಾದ ಕೂಡಲೇ ಅವರ ಸಾಲು ತಾನಾಗಿಯೇ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತಿತ್ತು. ಉಳಿದವರು ಒಂದೊಂದು ಮೆಟ್ಟಿಲು ಮೆತ್ತಗೆ ಕೆಳಗಿಳಿಯುತ್ತಿದ್ದರು. ಆ ಇಳಿಯುವ ಚೆಂದಕ್ಕಾಗಿಯೇ ನಾನು ಒಂದು ವಾರ ಕೂತಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಚೌಕಶಿಯ ಮೇಜು. ಯಾರು ಎಲ್ಲಿದ್ದಾರೆ ಎಂದು ವಿಚಾರಿಸುವ ಜಾಗ. ಅಲ್ಲಿ ಕೂರುತ್ತಿದ್ದವಳು ಸುನಂದಾ. ನೇಸರಿಯ ಕಡೆಯ ಕುರಿಗಾರರ ಮನೆತನದವಳು, ಮೂರನೆಯ ವರ್ಷದಲ್ಲಿ ದಡಾರ ಬಂದು ಎರಡೂ ಕಣ್ಣು ಹೋಗಿದ್ದವು. ಅಂಧರ ಶಾಲೆಯಲ್ಲಿ ಓದಿ, ಟೆಲಿಫೋನ್ ಆಪರೇಟರ್ ತರಬೇತಿ ಮುಗಿಸಿ, ಆ ಕುರ್ಚಿಯನ್ನು ಗಳಿಸಿದ್ದಳು. ಅವಳ ಮನೆತನದಲ್ಲಿ ತಿಂಗಳ ಪಗಾರ ತಂದ ಮೊದಲ ಹೆಣ್ಣುಮಗಳು ಅವಳೇ. ಮೇಜಿನ ಮೇಲೆ ಸಣ್ಣ ಸಣ್ಣ ಖಾನೆಗಳಿದ್ದ ಒಂದು ಕಟ್ಟಿಗೆಯ ತಟ್ಟೆ, ಅದರಲ್ಲಿ ಬೆರಳಿನಿಂದ ಓದುವ ಚುಕ್ಕಿ ಒತ್ತಿದ ದಪ್ಪ ಕಾಗದದ ಚೀಟಿಗಳು. ಕಂಪ್ಯೂಟರ್ ಕೂರಿಸುವ ದಿನ ಜಾಗ ಸಾಲಲಿಲ್ಲವೆಂದು ಆ ತಟ್ಟೆಯನ್ನು ಎತ್ತಿ ಕಪಾಟಿನ ಮೇಲಿಡಿಸಿದವಳು ನಾನೇ. ಅದು ಏನೆಂದು ಕೇಳಲೂ ಇಲ್ಲ.

ಸುನಂದಾಳ ಕಿವಿಗೆ ಹೆಡ್‌ಫೋನ್ ಕೊಟ್ಟೆವು. ತೆರೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರನ್ನೂ ಹಾಕಿಕೊಟ್ಟೆವು. ಅವಳು ಸ್ವಲ್ಪ ಹೊತ್ತು ಕೇಳಿ, "ಅಕ್ಕಾರ, ಇದು ಮಂದಿ ಹೆಸರ ಹೇಳವಲ್ದರಿ. ಬರೇ 'ಫೋಟೋ, ಫೋಟೋ, ಫೋಟೋ' ಅನ್ನಾಕತ್ತೈತಿ" ಎಂದಳು. ನನ್ನ ದುಂಡಗಿನ ಫೋಟೋಗಳು! ಅದನ್ನು ಅಲ್ಲೇ ಕೂತು ಸರಿಪಡಿಸಿದೆವು, ಹೆಸರು, ಊರು ಕೇಳಿಸತೊಡಗಿತು. ಕೆಲಸ ಮುಗಿಯಿತೆಂದು ನಾವು ಚಹಾ ಕುಡಿದು ಕೊಲ್ಲಾಪುರದ ಬಸ್ಸು ಹತ್ತಿದೆವು.

ಮೂರು ವಾರದ ಮೇಲೆ ಆಸ್ಪತ್ರೆಯ ಮ್ಯಾನೇಜರ್ ಸಾವಂತರ ಫೋನು ಬಂತು. ಹಲಕರ್ಣಿಯ ಗಂಗವ್ವ ಎಂಬ ಮುದುಕಿ ಗಂಡನಿಗೆ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಮಗ ಹಿಂದಿನ ದಿನ ತಂದೆಯನ್ನು ಸೇರಿಸಿ ಹೋಗಿದ್ದ, ಯಾವ ಬೆಡ್ಡೆಂದು ಅವಳಿಗೆ ತಿಳಿಯದು. ಚೌಕಶಿಯಲ್ಲಿ ಕೇಳಿದಾಗ ಸುನಂದಾ, ನಿಮ್ಮವರನ್ನು ಬೆಳಿಗ್ಗೆ ಮಿರಜದ ದೊಡ್ಡ ದವಾಖಾನೆಗೆ ಒಯ್ದಿದ್ದಾರೆ ಎಂದಳು. ಮುದುಕಿ ಬುತ್ತಿಗಂಟನ್ನು ಎದೆಗವಚಿಕೊಂಡು, ಒಬ್ಬಳೇ, ಜನ್ಮದಲ್ಲಿ ನೋಡದ ಮಿರಜಕ್ಕೆ ಬಸ್ಸು ಹತ್ತಿದಳು. ಗಂಡ ಇಲ್ಲೇ ಬೆಡ್ಡಿನ ಮೇಲೆ ಕೂತು ರೊಟ್ಟಿಯ ದಾರಿ ಕಾಯುತ್ತಿದ್ದ. ಅವನು ನರ್ಸಮ್ಮನನ್ನು ಕೇಳಿದಾಗ ತಪ್ಪು ಬಯಲಾಯಿತು. ಅಲ್ಲಿಗೆ ಇಲ್ಲಿಗೆ ಫೋನು ಮಾಡಿ, ಹೊತ್ತು ಮುಳುಗುವ ಮೊದಲು, ಮಿರಜದ ದವಾಖಾನೆಯ ಗೇಟಿನಲ್ಲಿ ಅಳುತ್ತ ಕೂತಿದ್ದವಳನ್ನು ಹುಡುಕಿಸಿದರು.

ಸಾವಂತರು ಕಡೆಗೆ ಒಂದು ಮಾತು ಹೇಳಿದರು. ಸೋಮವಾರದಿಂದ ಸುನಂದಾಳನ್ನು ಚಾದರ ಮಡಿಸುವ ಕೋಣೆಗೆ ಹಾಕುತ್ತೇವೆ, ಚೌಕಶಿಗೆ ಕಣ್ಣು ಕಾಣುವ ಹುಡುಗಿಯನ್ನು ಕೂರಿಸುತ್ತೇವೆ, ಕಂಪ್ಯೂಟರಿನ ಕೆಲಸ ಅವಳ ಕೈಲಾಗುವುದಲ್ಲ.

ಮರುದಿನ ಮೊದಲ ಬಸ್ಸಿಗೆ ನಾನು ಗಡಹಿಂಗ್ಲಜದಲ್ಲಿದ್ದೆ. ಸುನಂದಾ ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದಳು. ನನ್ನ ದನಿ ಕೇಳಿ ಎದ್ದು ನಿಂತು, "ನಂದ ತಪ್ಪ ಇರಬೇಕರಿ ಅಕ್ಕಾರ. ನನಗ ಕಾಣೂದಿಲ್ಲಲ್ಲ" ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ತಡೆಯಲಾಗದೆ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ.

"ಗಂಗವ್ವ ಬಂದಾಗ ಏನೇನಾತು, ಎಲ್ಲಾ ಹೇಳು" ಎಂದೆ.

"ಗಂಡನ ಹೆಸರ ಕೇಳಿದ್ನಿರಿ. ಹೇಳಲಿಲ್ಲ. 'ಹೆಸರ ಹೆಂಗ ಹೇಳ್ಲೆವಾ? ನಮ್ಮ ಮಾಲಕರು, ಹಲಕರ್ಣಿಯವರು' ಅಂದ್ಲು. ಹಿರೇರೆಲ್ಲ ಹಂಗ ಅಲ್ರಿ. ನಿಮ್ಮ ಯಾದ್ಯಾಗ ಹುಡುಕಾಕ ಹೆಸರ ಬೇಕು. ಹಂಗಾಗಿ ಒಂದೊಂದ ಸಾಲು ಕೇಳಕೋತ ಹ್ವಾದ್ನಿ. 'ಶಿವಪ್ಪ, ಹಲಕರ್ಣಿ' ಅಂತು. ಎಂಟರ್ ಒತ್ತಿದ್ನಿ. 'ಮಿರಜಕ್ಕೆ ಕಳಿಸಲಾಗಿದೆ' ಅಂತು. ಅಷ್ಟರಿ."

ನಾನು ಅವಳ ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂತೆ. ನಾನು ಮಾಡಿದ ಯಾದಿಯನ್ನು ಅವತ್ತು ಮೊದಲ ಸಲ ಕಿವಿಯಿಂದ ಕೇಳಿದೆ. ಅರ್ಧ ತಾಸಿನಲ್ಲಿ ಗೊತ್ತಾಯಿತು. ಸುನಂದಾ ಶಿವಪ್ಪನ ಹೆಸರು ಕೇಳಿ ಎಂಟರ್ ಒತ್ತುವಷ್ಟರಲ್ಲಿ ಯಾರೋ ಹೊಸಬರು ದಾಖಲಾಗಿದ್ದರು. ಎಲ್ಲ ಸಾಲುಗಳೂ ಮೆತ್ತಗೆ ಒಂದು ಮೆಟ್ಟಿಲು ಇಳಿದಿದ್ದವು. ಅವಳು ನಿಂತದ್ದು ಶಿವಪ್ಪನ ಮೇಲೆ ಎಂಬುದನ್ನು ಯಂತ್ರ ನೆನಪಿಟ್ಟಿರಲಿಲ್ಲ, ಒಂಬತ್ತನೆಯ ಸಾಲು ಎಂದಷ್ಟೇ ನೆನಪಿಟ್ಟಿತ್ತು. ಆ ಒಂಬತ್ತನೆಯ ಸಾಲಿಗೆ ಈಗ ಬೇರೆ ಯಾರೋ ಬಂದಿದ್ದರು, ಮಿರಜಕ್ಕೆ ಹೋದವರು. ತೆರೆದ ಪುಟದಲ್ಲಿ ಹೆಸರು ಮೇಲೆ ದೊಡ್ಡದಾಗಿ ಕಾಣುತ್ತಿತ್ತು, ಆದರೆ ಕೇಳಿಸುವಾಗ ಹೆಸರು ಮತ್ತೆ ಯಾಕೆಂದು ನಾನೇ ಬಿಡಿಸಿದ್ದೆ. ನಾನು ಒಂದು ವಾರ ಕೂತು ಚೆಂದ ಮಾಡಿದ ಆ ಇಳಿಯುವ ಆಟವೇ ಗಂಗವ್ವನನ್ನು ಮಿರಜಕ್ಕೆ ಕಳಿಸಿತ್ತು.

ಶಿಂದೆ ಸರ್ ಮಧ್ಯಾಹ್ನ ಬಂದರು. ಮ್ಯಾನೇಜರರ ಕೋಣೆಗೆ ಹೋಗುವ ಮೊದಲು ಜಗಲಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಹೊರಗಿನ ರಸ್ತೆ ನೋಡಿದರು. ಅಲ್ಲಿ ಗುಲ್‌ಮೊಹರ್ ಇರಲಿಲ್ಲ, ಮೆಣಸಿನಕಾಯಿ ಚೀಲದ ಗಾಡಿಗಳಿದ್ದವು. ತಪ್ಪು ನಮ್ಮದೆಂದು ಒಪ್ಪಿದರೆ ಈ ಆಸ್ಪತ್ರೆಯ ಕೆಲಸವೂ ಹೋಗಬಹುದು, ಇವರ ಮಾತು ಕೇಳಿ ಬರಲಿರುವ ಇನ್ನೆರಡು ಆಸ್ಪತ್ರೆಗಳದೂ ಹೋಗಬಹುದು ಎಂದು ನನಗೂ ಗೊತ್ತಿತ್ತು. ಕೊನೆಗೆ ಅವರು, "ತುಮ್ಹೀಚ ಬೋಲಾ" ಎಂದರು. ನೀವೇ ಮಾತಾಡಿ ಎಂದರೆ ಅವರ ಬಾಯಲ್ಲಿ ಅದು ದೊಡ್ಡ ಅನುಮತಿ.

ಒಳಗೆ ಸಾವಂತರು, ಇಬ್ಬರು ಡಾಕ್ಟರರು, ಮೂಲೆಯಲ್ಲಿ ಸುನಂದಾ. ನಾನು ಮಾತಿನಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಸಾವಂತರಿಗೆ ಯಾದಿ ತೆರೆದುಕೊಟ್ಟು, ಒಂಬತ್ತನೆಯ ಸಾಲಿನ ಮೇಲೆ ಒತ್ತಿ ಎಂದು ಮರಾಠಿಯಲ್ಲಿ ಕೇಳಿಕೊಂಡೆ. ಅವರ ಬೆರಳು ಇಳಿಯುವ ಕ್ಷಣಕ್ಕೆ ಸರಿಯಾಗಿ ಆಚೆ ನರ್ಸಮ್ಮ ಒಂದು ಸುಳ್ಳು ಹೆಸರನ್ನು ದಾಖಲಿಸುವಂತೆ ಮೊದಲೇ ಹೇಳಿಟ್ಟಿದ್ದೆ. ಮೂರು ಸಲ ಒತ್ತಿಸಿದೆ. ಎರಡು ಸಲ ಬೇರೆ ರೋಗಿ ತೆರೆದುಕೊಂಡ. ಸಾವಂತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೇ ಮೀ ದಾಬಲಂಚ ನಾಹೀ," ಇದನ್ನು ನಾನು ಒತ್ತಿಯೇ ಇಲ್ಲ ಎಂದರು.

"ಸುನಂದಾನೂ ಒತ್ತಿರಲಿಲ್ಲ," ಎಂದೆ. "ನಿಮಗೆ ಕಣ್ಣಿರುವುದರಿಂದ ತಪ್ಪು ತಿಳಿಯಿತು. ಅವಳಿಗೆ ನನ್ನ ಯಾದಿ ಅದನ್ನು ಹೇಳಲಿಲ್ಲ. ಚೂಕ ಮಾಝೀ ಆಹೇ. ತಪ್ಪು ಅವಳದಲ್ಲ, ನನ್ನದು."

ಸಾವಂತರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. ಎಂಟು ದಿನ ಕೊಟ್ಟರು. ಅಲ್ಲಿಯವರೆಗೆ ಸುನಂದಾ ಚಾದರ ಮಡಿಸಲಿ, ಎಂಟು ದಿನದ ಮೇಲೆ ತಮ್ಮೆದುರು ಕೂತು ತೋರಿಸಲಿ, ಆಗ ನೋಡೋಣ ಎಂದರು.

ಆ ಸಂಜೆ ನಾನು ಮಾಡಿದ ಮೊದಲ ಕೆಲಸ ಕಪಾಟಿನ ಮೇಲಿನ ತಟ್ಟೆಯನ್ನು ಇಳಿಸಿದ್ದು. ಧೂಳು ಒರೆಸಿ ಸುನಂದಾಳ ತೊಡೆಯ ಮೇಲಿಟ್ಟೆ. "ಇದೇನಂತ ಆವತ್ತ ಕೇಳಬೇಕಾಗಿತ್ತು. ಈಗ ಹೇಳು" ಎಂದೆ.

ಅವಳ ಮುಖ ಅರಳಿತು. ಬೆರಳುಗಳು ಖಾನೆಗಳ ಮೇಲೆ ಓಡಿದವು. "ಒಂದೊಂದ ಖಾನೆ ಒಂದೊಂದ ಊರರಿ. ಇದು ಹಲಕರ್ಣಿ, ಇದು ನೂಲ, ಇದು ನೇಸರಿ. ಹೆಸರ ಹೇಳಲಾರದವರು ಭಾಳ ಮಂದಿ ಇರ್ತಾರ, ಊರು ಹೇಳಲಾರದವರು ಒಬ್ಬರೂ ಇರಂಗಿಲ್ಲ. ಮೊದಲ ಹೆಬ್ಬಟ್ಟಿಲೆ ಚೀಟಿ ಎಷ್ಟದಾವಂತ ನೋಡ್ತೀನಿ. ಒಂದ ಇದ್ರ ಹುಡುಕೂದ ಬ್ಯಾಡ. ಮೂರಿದ್ರ, 'ವಯಸ್ಸಾದವರೇನು?' ಅಂತ ಕೇಳ್ತೀನಿ."

"ಮನಿಗೆ ಹ್ವಾದವರ ಚೀಟಿ?"

"ತಗಿಯಂಗಿಲ್ರಿ. ಮಗಚಿ ಇಡ್ತೀನಿ, ಮರದಿನ ಮುಂಜಾನಿ ತನಕ. ಯಾರರ ಬಂದು ಕೇಳಿದ್ರ, 'ಈಗ ಮನಿಗೆ ಹ್ವಾದ್ರು' ಅಂತ ಹೇಳಾಕ ಬೇಕಲ್ರಿ. ಚೀಟಿನ ಇಲ್ಲಂದ್ರ ಮಂದಿ ಎದಿ ಒಡಕೋತಾರ."

"ಹೊಸಬರು ಬಂದ್ರ?"

"ಆ ಚೀಟಿ ಇಲ್ಲೆ ಬಾಜೂಕ ಇಡ್ತೀನಿ. ಕೈಯಾಗಿನ ಕೆಲಸ ಮುಗದ ಮ್ಯಾಲ ಒಳಗ ಹಾಕ್ತೀನಿ. ಚೀಟಿ ಹುಡುಕೂ ಮುಂದ ತಟ್ಟಿ ಅಳಗ್ಯಾಡಿಸಿದ್ರ ಹೆಂಗರಿ?"

ಯಾದಿ ಹೇಗಿರಬೇಕೆಂದು ನಾನು ಇಷ್ಟು ವರ್ಷ ತಲೆ ಕೆರೆದುಕೊಂಡದ್ದೆಲ್ಲ ಆ ಕಟ್ಟಿಗೆಯ ತಟ್ಟೆಯಲ್ಲಿ ಆಗಲೇ ಇತ್ತು. ಅದನ್ನು ಕಪಾಟಿನ ಮೇಲೆಸೆದು ನಾನು ನನ್ನ ಫೋಟೋಗಳನ್ನು ತಂದು ಕೂರಿಸಿದ್ದೆ.

ಆ ಎಂಟು ದಿನ ನಮ್ಮ ಪ್ರೋಗ್ರಾಮರ್ ಅಮೋಲ್ ಮತ್ತು ನಾನು ತಟ್ಟೆಯನ್ನು ನಡುವೆ ಇಟ್ಟುಕೊಂಡು ದುಡಿದೆವು. ಅಮೋಲ್ ಮೊದಲು ತಕರಾರು ಮಾಡಿದ. ಸಾಲುಗಳು ತಾವಾಗಿ ಬರದಿದ್ದರೆ ಹಿಂದಿನ ಕಾಲಕ್ಕೆ ಹೋದ ಹಾಗಲ್ಲವೇ ಎಂದ. ನಾನು ಅವನ ಕಂಪ್ಯೂಟರಿನ ತೆರೆಯನ್ನು ಆರಿಸಿ, ಹೆಡ್‌ಫೋನ್ ಕೊಟ್ಟು, ಅವನೇ ಕಟ್ಟಿದ ಯಾದಿಯಲ್ಲಿ ಅವನದೇ ಹೆಸರು ಸೇರಿಸಿಟ್ಟು ಅದನ್ನು ಹುಡುಕಲು ಹೇಳಿದೆ. ಊಟದ ಹೊತ್ತಿನವರೆಗೂ ಹುಡುಕಿದ. ಆಮೇಲೆ ಅವನ ತಕರಾರು ಇರಲಿಲ್ಲ. ಫೋಟೋಗಳನ್ನು ಕಿತ್ತೊಗೆದೆವು. ರೋಗಿಗಳನ್ನು ಊರಿನ ಪ್ರಕಾರ ಗುಂಪು ಮಾಡಿದೆವು. ಊರಿನ ಮೊದಲ ಅಕ್ಷರ ಒತ್ತಿದರೆ ಆ ಊರಿಗೇ ಹೋಗಿ ನಿಂತು, ಎಷ್ಟು ಮಂದಿ ಇದ್ದಾರೆಂದು ಮೊದಲು ಹೇಳಬೇಕು. ಹೊಸಬರು ಬಂದರೆ "ಹೊಸಬರು ಇಬ್ಬರು" ಎಂದು ಮೆತ್ತಗೆ ಹೇಳಿ, ಅವಳು ಕರೆಯುವವರೆಗೆ ಹೊರಗೇ ಕಾಯಬೇಕು. ಮನೆಗೆ ಹೋದವರು ಮರುದಿನ ಬೆಳಗಿನವರೆಗೆ ಸಾಲಿನಲ್ಲೇ ಇರಬೇಕು. ಯಾವ ಪುಟ ತೆರೆದರೂ ಮೊದಲು ಹೆಸರು, ಊರು. ಎಲ್ಲಕ್ಕಿಂತ ಮುಖ್ಯವಾಗಿ, ಸುನಂದಾ ಒಬ್ಬರ ಮೇಲೆ ನಿಂತರೆ ಭೂಮಿ ಮೇಲೆ ಕೆಳಗಾದರೂ ಅವಳು ಅವರ ಮೇಲೆಯೇ ನಿಂತಿರಬೇಕು. ಚೌಕಶಿಗೆ ಬಂದ ಯಾರಿಗೇ ಆದರೂ ಐದು ಸಲ ಕೀಲಿ ಒತ್ತುವುದರೊಳಗೆ ಉತ್ತರ ಸಿಗಬೇಕೆಂದು ನಾನು ಗೆರೆ ಎಳೆದೆ.

ಒಂಬತ್ತನೆಯ ದಿನ ಸುನಂದಾ ಚಾದರದ ಕೋಣೆಯಿಂದ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸಾವಂತರು ಹಿಂದೆ ಕೈ ಕಟ್ಟಿ ನಿಂತರು. ಆ ಬೆಳಿಗ್ಗೆ ಬಂದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅವಳು ಒಬ್ಬರನ್ನೂ ತಪ್ಪು ಕಡೆ ಕಳಿಸಲಿಲ್ಲ. ನಡುವೆ ಒಬ್ಬ ಸೊಸೆ ಮಾವನ ಹೆಸರು ಹೇಳಲಾರದೆ ಸೆರಗು ಬಾಯಿಗೆ ಹಿಡಿದು ನಿಂತಾಗ ಸುನಂದಾ, "ಬ್ಯಾಡವಾ, ಊರು ಹೇಳು" ಎಂದಳು. ಸಾವಂತರು ಆಗ ಹಿಂದಿನಿಂದ ಹೊರಟುಹೋದರು. ಅವರು ಹೋದದ್ದು ಚೌಕಶಿಗೆ ಗೊತ್ತುಮಾಡಿದ್ದ ಹೊಸ ಹುಡುಗಿಯನ್ನು ಬೇರೆ ಕೆಲಸಕ್ಕೆ ಹಾಕಲು ಎಂದು ಆಮೇಲೆ ತಿಳಿಯಿತು.

ಎಸ್‌ಟಿ ಸ್ಟ್ಯಾಂಡಿನಲ್ಲಿ ಶಿಂದೆ ಸರ್ ನನಗೆ ಚಹಾ ಕೊಡಿಸಿದರು. ಕಪ್ಪು ಕೆಳಗಿಟ್ಟು, "ಬರ" ಎಂದರು. ಸ್ವಲ್ಪ ತಡೆದು ಇನ್ನೊಂದು ಸಲ "ಬರ" ಎಂದರು. ಒಂದೇ ಕೆಲಸಕ್ಕೆ ಎರಡು "ಬರ" ಪಡೆದವರು ಆ ಆಫೀಸಿನಲ್ಲಿ ನಾನೊಬ್ಬಳೇ, ಇದನ್ನು ಜಂಬವೆಂದೇ ತಿಳಿಯಿರಿ. ಅಂದಿನಿಂದ ತೆರೆ ಆರಿಸಿ ಪರೀಕ್ಷೆ ಮಾಡದ ಯಾವ ಯಾದಿಯೂ ನಮ್ಮ ಮೆಟ್ಟಿಲು ಇಳಿಯಲಿಲ್ಲ. ಹೊಸ ಹುಡುಗಿಯರು ಕೇಳಿದ ರೆಡಿಮೇಡ್ ಯಾದಿಗಳ ಬಗ್ಗೆ ನನಗೆ ಜಗಳವಿಲ್ಲ. ಅವು ಈಗ ಬಹಳ ಸುಧಾರಿಸಿವೆ, ನಾವು ಎಂಟು ದಿನ ದುಡಿದು ಮಾಡಿದ್ದರಲ್ಲಿ ಅರ್ಧದಷ್ಟು ಅವುಗಳಲ್ಲಿ ಮೊದಲೇ ಇರುತ್ತದೆ. ಆದರೆ ಹಲಕರ್ಣಿಯ ಮುದುಕಿ ಗಂಡನ ಹೆಸರು ಹೇಳುವುದಿಲ್ಲವೆಂದು ಅವಕ್ಕೆ ಗೊತ್ತಿರುವುದಿಲ್ಲ. ಅದನ್ನು ತಿಳಿಯಲು ನೀವೇ ಚೌಕಶಿಯ ಬೆಂಚಿನ ಮೇಲೆ ಹೋಗಿ ಕೂರಬೇಕು. ಮೇಜಿನ ಮೇಲೆ ಏನಾದರೂ ಹಳೆಯ ತಟ್ಟೆ ಕಂಡರೆ ದಯವಿಟ್ಟು ಎತ್ತಿಡಬೇಡಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಗಂಡನ ಹೆಸರು ಹೇಳದ ಹಿರಿಯರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಾನು ನನ್ನ ಗಂಡನನ್ನು ನಾಲ್ಕು ಮಂದಿಯ ಮುಂದೆ ಹೆಸರು ಹಿಡಿದೇ ಕರೆಯುವವಳು. ಬಸ್ಸಿನಿಂದ ಇಳಿಯುತ್ತಲೇ "ಈರಣ್ಣಾ" ಎಂದು ನಾನು ಕೂಗಿದರೆ ನೂಲದ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ಕೊಲ್ಲಾಪುರದ ಮಹಾದ್ವಾರ ರೋಡಿನಲ್ಲಿ, ತಂಗಿಯ ಮಗಳ ಲಗ್ನಕ್ಕೆ ಸೀರೆ ನೋಡುತ್ತಿದ್ದೆ. ನೂಲದಿಂದ ನೆರೆಮನೆಯವರ ಫೋನು ಬಂತು. ಕಬ್ಬಿನ ಹೊಲದಲ್ಲಿ ನನ್ನ ಗಂಡನಿಗೆ ಎದೆ ಹಿಡಿದುಕೊಂಡಿತೆಂದು, ಗಡಹಿಂಗ್ಲಜಕ್ಕೆ ಒಯ್ದಿದ್ದಾರೆಂದು ಹೇಳಿ ಕರೆ ತುಂಡಾಯಿತು. ಗಂಡನ ಫೋನಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಆಸ್ಪತ್ರೆಯ ನಂಬರು ಒತ್ತಿದೆ.

"ನಮಸ್ಕಾರ, ಚೌಕಶಿ. ಯಾರು ಬೇಕಾಗಿತ್ತರಿ?"

ಬಾಯಿ ತೆರೆದೆ. ಹೆಸರು ಹೊರಡಲಿಲ್ಲ. ನಾಲ್ಕೂರಿಗೆ ಕೇಳುವಂತೆ ನಾನು ಕೂಗುತ್ತಿದ್ದ ಹೆಸರು. ಹೇಳಿದರೆ ಏನು ಉತ್ತರ ಬರುವುದೋ ಎಂಬ ಅಂಜಿಕೆ. ಫೋನಿಗೆ ಬರೀ ಉಸಿರು ಹೋಯಿತು.

"ಹೆಸರ ಬ್ಯಾಡ್ರಿ," ಆ ಕಡೆಯ ದನಿ ಹೇಳಿತು. "ಊರು ಹೇಳ್ರಿ, ಸಾಕು."

"ನೂಲ" ಎಂದೆ.

ಕೀಲಿ ಒತ್ತುವ ಸದ್ದು ಕೇಳಿಸಿತು. ಒಂದು, ಎರಡು, ಮೂರು. ನಾಲ್ಕು.

"ನೂಲದವರು ಇಬ್ಬರದಾರರಿ. ಒಬ್ಬಾಕಿ ಬಾಣಂತಿ. ಇನ್ನೊಬ್ಬರು ಈರಣ್ಣ, ಎರಡನೇ ಮಾಳಿಗಿ, ಏಳನೇ ಬೆಡ್. ಡಾಕ್ಟರ್ ನೋಡ್ಯಾರ, ಔಷಧ ಕೊಟ್ಟಾರ. ಎಚ್ಚರ ಅದಾರ, ಅರಾಮ ಅದಾರ."

ನಾನು ಅಳತೊಡಗಿದೆ. ಅಂಗಡಿಯವನು ಸೀರೆ ಮಡಿಸುವುದನ್ನು ಬಿಟ್ಟು ನೀರು ತಂದುಕೊಟ್ಟ. ಫೋನಿನಲ್ಲಿ ಸ್ವಲ್ಪ ಹೊತ್ತು 'ಹಲೋ, ಹಲೋ' ಎಂದ ದನಿ ಆಮೇಲೆ ತಗ್ಗಿತು. ನನ್ನ ಅಳುವಿನಿಂದಲೇ ನನ್ನನ್ನು ಗುರುತು ಹಿಡಿದಿದ್ದಳು.

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ಸಾವಕಾಶ ಬರ್ರಿ," ಎಂದಳು ಸುನಂದಾ. "ನಾ ಅವರ ಸಾಲಿನ ಮ್ಯಾಲ ನಿಂತೀನಿ. ಯಾರ ಬಂದ್ರೂ ಅದು ಜರಗೂದಿಲ್ಲ, ನೀವ ಮಾಡೀರಲ್ಲ."